ಶುಕ್ರವಾರವನ್ನು ಹುಡುಕಿದವರು

ಕೋಲಾರದ ಆ ಪುಟ್ಟ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದ ಮೇಡಂ, ಯೋಚನೆಗೆ ಬಿದ್ದರೆ ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಯಾವ ಪ್ರೋಗ್ರಾಂ ಬರೆದು ತೋರಿಸಿದರೂ ಅವರು ಮೊದಲು ಕೇಳುತ್ತಿದ್ದುದು ಒಂದೇ: "ಕಡೇ ದಿನ ನೋಡಿದ್ಯೇನೇ?"

ಒಂದು ಶನಿವಾರ ಪಶು ಆಹಾರದ ಕಂಪನಿಯಿಂದ ಫೋನು ಬಂತು. ಅವರು ಹಿಂಡಿ ಮಾರುತ್ತಿದ್ದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರು ನಾವೇ. ಆ ವಾರ ಮಾರಿದ್ದ ಹಿಂಡಿಗೆ ಬೂಷ್ಟು ಹಿಡಿದಿತ್ತಂತೆ. ತಿಂದರೆ ಹಸುಗಳ ಜೀವಕ್ಕೇ ಅಪಾಯ. ನಾನು ಸೋಮವಾರದಿಂದ ಶುಕ್ರವಾರದವರೆಗೆ ತಾರೀಖು ಹಾಕಿ, ಕೊಂಡವರ ಹೆಸರು ತೆಗೆದೆ. ಎಲ್ಲರೂ ಮಾಸ್ತಿ ಕಡೆಯವರು.

ಮೇಡಂ ಕಾಲು ಮಡಿಚಿ ಕೂತರು. "ಶುಕ್ರವಾರದ್ದು ಒಂದೂ ಇಲ್ವಲ್ಲೇ?"

"ಅವತ್ತು ಯಾರೂ ತಗೊಂಡಿಲ್ವೇನೋ, ಮೇಡಂ."

"ತಗೊಂಡಿರ್ತಾರೆ ಕಣೇ. ಶುಕ್ರವಾರದವರೆಗೆ ಅಂದ್ರೆ ಕಂಪ್ಯೂಟರು ಶುಕ್ರವಾರ ಶುರುವಾಗೋ ಗಳಿಗೇಲೇ ನಿಂತ್ಬಿಟ್ಟಿದೆ. ಶನಿವಾರಕ್ಕಿಂತ ಮುಂಚಿಂದೆಲ್ಲಾ ಕೊಡು ಅನ್ನು."

ಹಾಗೇ ಬದಲಿಸಿದೆ. ಪರದೆಯ ಮೇಲೆ ಶುಕ್ರವಾರ ಕೊಂಡಿದ್ದ ಬೈರಕೂರಿನವರ ಹೆಸರುಗಳು ಸಾಲಾಗಿ ಮೂಡಿದವು. ಮಾಸ್ತಿಯವರಿಗೆ ಕಂಪನಿಯವರು ಆಗಲೇ ತಿಳಿಸುತ್ತಿದ್ದರು. ಬೈರಕೂರಿಗೆ ನಾವಿಬ್ಬರೇ ಫೋನು ಹಚ್ಚಿದೆವು. ಯಾರ ಮನೆಯಲ್ಲೂ ಹೊಸ ಮೂಟೆ ಬಿಚ್ಚಿರಲಿಲ್ಲ. ಕೊನೆಯ ಮನೆಯ ಹೆಂಗಸು ಮಾತ್ರ ಕೂಗಿಕೊಂಡರು: "ಅಯ್ಯೋ ದೇವುಡಾ! ಈಗ್ತಾನೆ ಬಕೆಟ್‌ನಾಗೆ ಕಲಸಿ ಹಸು ಮುಂದೆ ಇಡೋಕ್ ಹೋಗ್ತಿದ್ದೆ ಕಣಮ್ಮಾ. ತಡಿ, ತಿಪ್ಪೆಗೆ ಸುರಿತೀನಿ!"

ಮೇಡಂ ನನ್ನ ಕೈಯಿಂದ ಫೋನು ಕಿತ್ತುಕೊಂಡು ಸ್ಪೀಕರ್ ಹಾಕಿದರು. ಹಿಂಡಿ ಸಿಗದ ಹಸು ಅತ್ತ ಕಡೆಯಿಂದ ಉದ್ದಕ್ಕೆ ಅಂಬಾ ಎಂದಿತು. ಮೇಡಂ ಎರಡೂ ಕೈ ಮೇಲೆತ್ತಿ, ಇಡೀ ಆಫೀಸು ತಿರುಗಿ ನೋಡುವಂತೆ ಕೂಗಿದರು:

"ಕೇಳಿದ್ಯೇನೇ? ನಮ್ಮನ್ನೇ ಬೈತಾ ಇದೆ! ಬೈಲಿ ಬಿಡು, ಹೊಟ್ಟೆ ತುಂಬಾ ಬೈಲಿ!"