ಹರಿದ ಭುಜಕ್ಕೊಂದು ಶಾಲು

ನಮ್ಮ ಜಿಮ್ಮಿನಲ್ಲಿ ನೋವಿದ್ದರೂ ಮೈಗೆ ಪಟ್ಟಿ ಅಂಟಿಸಿಕೊಂಡು ಬಂದವರಿಗೆ ಚಪ್ಪಾಳೆ ತಟ್ಟುವ ಪದ್ಧತಿಯಿತ್ತು. ಮೊಣಕಾಲಿಗೋ ಸೊಂಟಕ್ಕೋ ಆ ನೀಲಿ ಅಂಟುಪಟ್ಟಿ ಇದ್ದರೆ ಮರ್ಯಾದೆ. ನೋವೆಂದು ಮನೆಯಲ್ಲಿ ಕೂತವರಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಇದ್ಯಾವ ಸೀಮೆಯ ವ್ಯಾಯಾಮವೋ, ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಕಲಬುರಗಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಸಂಜೆ ಶಾಲೆ ಬಿಟ್ಟ ಮೇಲೆ ನೆಹರು ಗಂಜ್ ಮಾರುಕಟ್ಟೆಯ ಹಿಂದಿನ ಹಳೆಯ ಗೋದಾಮಿನಲ್ಲಿ ನಮ್ಮ ಅಭ್ಯಾಸ. ತೂಕ ಎತ್ತು, ಡಬ್ಬದ ಮೇಲೆ ಜಿಗಿ, ಕಂಬಿಗೆ ಜೋತುಬೀಳು, ಉಸಿರು ತಿರುಗುವ ಮೊದಲೇ ಮತ್ತೆ ತೂಕ ಎತ್ತು. ಸ್ಪರ್ಧೆಗೆ ಮೂವರ ತಂಡ. ಒಬ್ಬರು ಬಿಟ್ಟರೆ ಮೂವರೂ ಹೊರಗೆ.

ಸ್ಪರ್ಧೆ ಇನ್ನೂ ದೂರವಿದ್ದಾಗಲೇ ನನ್ನ ಬಲಭುಜ ನೋಯತೊಡಗಿತು. ಡಾಕ್ಟರು ಸ್ಕ್ಯಾನ್ ನೋಡಿ, ಒಳಗಿನ ಸ್ನಾಯು ಸ್ವಲ್ಪ ಹರಿದಿದೆ, ಈಗ ತೂಕ ಎತ್ತುವುದನ್ನು ಬಿಟ್ಟರೆ ವಾಸಿಯಾಗುತ್ತದೆ, ಬಿಡದಿದ್ದರೆ ಆಮೇಲೆ ಕೈ ಮೇಲೆತ್ತುವುದೇ ಕಷ್ಟ ಎಂದರು. ಅದನ್ನೇ ನಮ್ಮ ಜಿಮ್ಮಿನ ಕೋಚ್‌ಗೆ ಹೇಳಿದೆ.

"ಡಾಕ್ಟರ್ ಮಂದಿ ಹಂಗ ಅಂಜಸ್ತಾರ ಬಿಡ್ರಿ ಮೇಡಂ. ಪಟ್ಟಿ ಹಚ್ಚೋಣ. ನೀವು ಬಿಟ್ರ ಉಳದಿಬ್ಬರ ಗತಿ ಏನ್ರಿ?"

ಉಳಿದಿಬ್ಬರಿಗಾಗಿ ಭುಜ ಒಡ್ಡಿದೆ. ಭುಜ ನನ್ನದು, ನೋವು ನನ್ನದು, ಆದರೆ ಅದರ ಯಜಮಾನಿಕೆ ಮಾತ್ರ ಅವನದು! ಪಟ್ಟಿ ಹಚ್ಚಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ತೂಕ ತಲೆಯ ಮೇಲೆ ಹೋದಾಗ ಭುಜದೊಳಗೆ ಹಳೆ ಬಟ್ಟೆ ಹರಿದಂತಾಯಿತು. "ಬಿಡಬ್ಯಾಡ್ರಿ, ಇನ್ನೊಂದ ಅದ," ಎಂದ ಕೋಚ್. ಅದನ್ನೂ ಎತ್ತಿದೆ. ತಂಡ ಗೆದ್ದಿತು.

ಆಪರೇಷನ್ ಆದ ಮೇಲೆ ಕಮಲಾಪುರದಲ್ಲಿ ಅವ್ವನ ಹತ್ತಿರ ಇದ್ದೆ. ಅವಳೇ ಜಡೆ ಹಾಕುತ್ತಿದ್ದಳು, ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಡುತ್ತಿದ್ದಳು. ನಮ್ಮೂರಿನ ಕೆಂಪು ಬಾಳೆಹಣ್ಣನ್ನೂ ಅವಳೇ ಸುಲಿದು ಕೊಡಬೇಕಿತ್ತು. "ಇಷ್ಟು ದೊಡ್ಡಾಕಿ ಆಗಿ ಮತ್ತ ಕೂಸಾದಿಯಲ್ಲವ್ವ," ಎಂದು ನಗಲು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು. ತಿಂಗಳುಗಳ ನಂತರ ಶಾಲೆಗೆ ಮರಳಿದೆ. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಕರಿಹಲಗೆಯ ಮೇಲಿನರ್ಧ ನನ್ನ ಪಾಲಿಗೆ ಇಲ್ಲವಾಯಿತು.

ಇಷ್ಟೆಲ್ಲ ಆದ ಮೇಲೆ ಜಿಮ್ಮಿನವರು ಏನು ಮಾಡಿದರು ಗೊತ್ತೇ? ನನಗೆ ಸನ್ಮಾನ ಇಟ್ಟುಕೊಂಡರು. ಹಲ್ಲು ಕಚ್ಚಿ ತೂಕ ಎತ್ತುತ್ತಿರುವ ನನ್ನ ಚಿತ್ರದ ದೊಡ್ಡ ಬ್ಯಾನರು, ಕೆಳಗೆ 'ಛಲಗಾತಿ' ಎಂಬ ಅಕ್ಷರ. ನನ್ನ ನೋವನ್ನೇ ಜಾಹೀರಾತು ಮಾಡಿದ್ದರು, ನಾಚಿಕೆಗೆಟ್ಟವರು. ಹೊಸದಾಗಿ ಸೇರುವವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆಂದು ತಿಳಿದೇ ಹೋದೆ.

ಕೋಚ್ ನನ್ನ ಭುಜದ ಮೇಲೆ ಶಾಲು ಹೊದಿಸಿದ. ನೆನಪಿನ ಫಲಕ ಮುಂದೆ ಹಿಡಿದ. ನಾನು ಎಡಗೈ ಚಾಚಿದೆ.

"ಬಲಗೈಲೆ ತಗೋರಿ ಮೇಡಂ," ಎಂದು ಮೆಲ್ಲಗೆ ಅಂದ. "ಎಡಗೈಲೆ ಚಲೋ ಕಾಣಂಗಿಲ್ಲ. ಫೋಟೋ ತೆಗಿಲಾಕತ್ತಾರ."

ಮೈಕು ಎದುರಿಗೇ ಇತ್ತು. ಎಡಗೈ ಹಿಂದೆ ತೆಗೆದುಕೊಂಡು, ಮುಂದಿನ ಸಾಲಿಗೆ ಕೇಳುವಂತೆ ಮೈಕಿನಲ್ಲೇ ಅಂದೆ.

"ಡಾಕ್ಟರ್ ಬ್ಯಾಡಂದಾರಂತ ನಿಮಗ ಹೇಳಿದ್ನಿ. ಪಟ್ಟಿ ಹಚ್ಚಿ ಎತ್ತಿಸಿದ್ರಿ. ಈಗ ಈ ಬಲಗೈ ಮ್ಯಾಲ ಏಳಂಗಿಲ್ರಿ, ಭಾರ ತಡಿಯಂಗಿಲ್ರಿ. ಫೋಟೋ ಬೇಕಂದ್ರ ಆ ಫಲಕ ನೀವ ಹಿಡ್ಕೊಂಡು ನಿಂದ್ರಿ."