ಆಂಪ್ಲಿಫೈಯರ್ ಮೇಲಿನ ಗ್ಲಾಸು

ಕುಡಿತ ಬಿಟ್ಟ ಮೇಲೆ ಆತನ ಕೈ ಕಟ್ಟಿಹೋಗಿದೆ ಎಂಬ ಮಾತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊದಲು ತಮಾಷೆಯಾಗಿ ಹುಟ್ಟಿತು. ತಮಾಷೆಯಾಗಿ ಹುಟ್ಟಿದ್ದರಿಂದಲೇ ಅದನ್ನು ಯಾರೂ ತಡೆಯಲಿಲ್ಲ.

ಆತ ಬೆಂಗಳೂರಿನಿಂದ ಐರ್ಲೆಂಡಿನ ಅತ್ಲೋನ್‌ಗೆ ಸ್ನಾತಕೋತ್ತರ ಓದಿಗೆಂದು ಬಂದು, ಇಲ್ಲಿಯೇ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಶ್ಯಾನನ್ ನದಿಯ ಪಕ್ಕದ ಪಬ್ಬೊಂದರಲ್ಲಿ ಮೂವರು ಐರಿಷ್ ಗೆಳೆಯರೊಡನೆ ಗಿಟಾರ್ ನುಡಿಸುತ್ತಾನೆ. ಅವರದು ಜಾಮ್ ಬ್ಯಾಂಡ್. ಹಾಡಿನ ಒಂದೆರಡು ಚರಣಗಳಾದ ಮೇಲೆ ಅದರ ಹೊಸ್ತಿಲು ದಾಟಿ ಹೊರಗೆ ನಡೆಯುತ್ತಾರೆ. ಎಲ್ಲಿಗೆಂದು ಅವರಿಗೂ ತಿಳಿದಿರುವುದಿಲ್ಲ. ಒಬ್ಬರನ್ನೊಬ್ಬರು ಆಲಿಸುತ್ತ ಅಲೆದಾಡಿ ಕೊನೆಗೆ ಎಲ್ಲರೂ ಒಟ್ಟಿಗೆ ಹಾಡಿಗೆ ಮರಳುತ್ತಾರೆ. ಅದೇ ಹಾಡು ಮುಂದಿನ ತಿಂಗಳು ಬೇರೆ ದಾರಿ ಹಿಡಿಯುತ್ತದೆ. ಹಾಗಾಗಿ ಇಂಥ ತಂಡಗಳ ಅಭಿಮಾನಿಗಳಲ್ಲಿ ಒಂದು ಪದ್ಧತಿಯಿದೆ. ತಂಡದ ಒಪ್ಪಿಗೆ ಪಡೆದು ಯಾರಾದರೊಬ್ಬರು ಪ್ರತಿ ಕಾರ್ಯಕ್ರಮವನ್ನೂ ರೆಕಾರ್ಡ್ ಮಾಡಿ ಎಲ್ಲರಿಗೂ ಉಚಿತವಾಗಿ ಹಂಚುತ್ತಾರೆ. ಉಳಿದವರು ಈ ತಿಂಗಳಿನದನ್ನು ಹೋದ ತಿಂಗಳಿನದಕ್ಕೆ ಹೋಲಿಸುತ್ತ ಜಗಳವಾಡುತ್ತಾರೆ. ಅತ್ಲೋನ್‌ನ ಕನ್ನಡಿಗರ ಗುಂಪಿನಲ್ಲಿ ಆ ರೆಕಾರ್ಡಿಂಗ್ ಕೆಲಸ ನನ್ನದು.

ನಾನು ಓದಿದ್ದು ಮೈಸೂರಿನ ಹೊರಗಿನ ಒಂದು ಶಾಲೆಯಲ್ಲಿ. ಅಲ್ಲಿ ಪರೀಕ್ಷೆಗಳಿರಲಿಲ್ಲ. ಪ್ರತಿ ಶುಕ್ರವಾರ ನೆಲದ ಮೇಲೆ ದುಂಡಗೆ ಕುಳಿತು, ಆ ವಾರ ಯಾರಿಗೆ ಯಾವ ಅನ್ಯಾಯವಾಯಿತೆಂದು ಸ್ಪಷ್ಟವಾಗಿ ಹೇಳಬೇಕಿತ್ತು. ಹೇಳದೆ ಬಿಟ್ಟ ಅನ್ಯಾಯ ಮುಂದಿನ ವಾರಕ್ಕೆ ಅಭ್ಯಾಸವಾಗಿರುತ್ತದೆ ಎನ್ನುತ್ತಿದ್ದರು ನಮ್ಮ ಶಿಕ್ಷಕಿ. ಆ ಪಾಠವನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದ್ದರಿಂದ ಹೇಳುತ್ತೇನೆ: ವಾದಕರ ಮೇಲಿನ ಪ್ರೀತಿಯನ್ನು ವೇದಿಕೆಗೆ ಪೈಂಟ್, ಅಂದರೆ ದೊಡ್ಡ ಗ್ಲಾಸಿನ ತುಂಬ ಬಿಯರ್, ಕಳಿಸಿಯೇ ತೋರಿಸಬೇಕೆಂಬ ಇಲ್ಲಿನ ಪದ್ಧತಿ ತಪ್ಪು. ಶುಕ್ರವಾರ ಸಂಜೆ ಆಫೀಸಿನ ಫ್ರಿಜ್ಜಿನಲ್ಲಿ ಬಿಯರ್ ತುಂಬಿಸಿಟ್ಟು ಅದನ್ನು ಸ್ನೇಹವೆಂದು ಕರೆಯುವುದು ತಪ್ಪು. ಆತ ಕುಡಿಯುತ್ತಿದ್ದಾಗ ಜೊತೆಗೆ ಕುಡಿದವರೇ, ಆತ ಬಿಟ್ಟ ಮೇಲೆ ದೀಪಾವಳಿಯ ಊಟಕ್ಕೆ ಆತನನ್ನು ಕರೆಯದೆ ಬಿಟ್ಟರಲ್ಲ, ನಮ್ಮವರ ಆ ಸಭ್ಯತೆ ಎಲ್ಲಕ್ಕಿಂತ ದೊಡ್ಡ ತಪ್ಪು.

ಆತನ ಹೆಂಡತಿ ನನ್ನ ಸಹಪಾಠಿ; ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಮನೆಯಲ್ಲಿ ತೀರಾ ಕೆಟ್ಟ ದಿನಗಳು ಬಂದಾಗ ಆಕೆ ಮಗಳನ್ನು ಕರೆದುಕೊಂಡು ದೂರದ ಉತ್ತರದ ಲೆಟರ್‌ಕೆನ್ನಿಗೆ ಹೋಗಿ ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಹಿಡಿದಳು. ಆಕೆ ಹೋದ ಮೇಲೆ ಆತ ಕುಡಿತ ಬಿಟ್ಟ. ಬಿಟ್ಟು ಎರಡನೆಯ ವರ್ಷ ನಡೆಯುತ್ತಿತ್ತು. ಈ ಬೇಸಿಗೆಗೆ ಆಕೆಗೆ ಅತ್ಲೋನ್ ಸಮೀಪ ಹೊಸ ಕೆಲಸವೊಂದು ಸಿಕ್ಕಿತ್ತು. ವರ್ಕ್ ಪರ್ಮಿಟ್ ಇರುವವಳಿಗೆ ಹಳೆಯ ಕೆಲಸ ಬಿಡುವುದು ಸುಲಭದ ಮಾತಲ್ಲ. ಬಿಟ್ಟರೆ ಮರಳಿ ಹೋಗುವಂತಿಲ್ಲ. ಜೂನ್ ಮುಗಿಯುವುದರೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಆಕೆ ಹೊಸ ಕೆಲಸದವರಿಗೆ ತಿಳಿಸಬೇಕಿತ್ತು. ಆತನನ್ನು ನಂಬುವುದೋ ಬೇಡವೋ ಎಂಬುದೊಂದೇ ಬಾಕಿಯಿದ್ದ ಪ್ರಶ್ನೆ.

ಗುಂಪಿನ ವಾದಗಳಲ್ಲಿ ಮುಂದಾಳು ಡಬ್ಲಿನ್ನಿನ ಸಿಟಿವೆಸ್ಟ್‌ನಲ್ಲಿ ಕೆಲಸ ಮಾಡುವ ಮೈಸೂರಿನ ಹಿರಿಯರೊಬ್ಬರು. ಚಿಕ್ಕಂದಿನಲ್ಲಿ ಮೃದಂಗ ಕಲಿತವರು. ರೈಲು ಹತ್ತಿ ಕಾರ್ಯಕ್ರಮಕ್ಕೆ ಬಂದು, ತೊಡೆಯ ಮೇಲೆ ತಾಳ ಹಾಕುತ್ತ ಕೇಳುತ್ತಾರೆ. ಅವರ ದೃಷ್ಟಿಯಲ್ಲಿ ಜಾಮ್ ಎಂಬುದು ನಮ್ಮ ಕರ್ನಾಟಕ ಸಂಗೀತದ ಮನೋಧರ್ಮವೇ, ವೇಷ ಮಾತ್ರ ಬೇರೆ.

"ನೋಡಮ್ಮ, ಮೊದ್ಲು ಇವನು ನುಡಿಸ್ತಿದ್ರೆ ಎಲ್ಲಿ ಬಿದ್ದೋಗ್ತಾನೋ ಅನ್ಸೋದು," ಎಂದರು ಒಮ್ಮೆ. "ಈಗ ಹ್ಯಾಂಡ್‌ರೈಲ್ ಹಿಡ್ಕೊಂಡು ಮೆಟ್ಲು ಇಳಿಯೋ ಥರ ನುಡಿಸ್ತಾನೆ."

"ಬೀಳೋದು ನೋಡೋಕೆ ಡಬ್ಲಿನ್ನಿಂದ ಟ್ರೇನ್ ಹತ್ಕೊಂಡು ಬರ್ತೀರಾ ಸಾರ್?"

"ಬೀಳ್ದೇ ಇರೋದು ನೋಡೋಕೇ ಬರೋದು. ಆದ್ರೆ ಬೀಳೋ ಹಂಗಿರ್ಬೇಕಲ್ಲಮ್ಮ."

ಅವರು ಕೆಟ್ಟವರಲ್ಲ. ಆದರೆ ಮನುಷ್ಯನೊಬ್ಬನ ಅಪಾಯವನ್ನು ತಮ್ಮ ರಸಾನುಭವಕ್ಕೆ ಒಗ್ಗರಣೆಯಾಗಿ ಕೇಳುವುದು ಕ್ರೌರ್ಯ ಎಂದು ನಾನು ಗುಂಪಿನಲ್ಲಿ ಬರೆದೆ. ಕೆಲವರು ಹೃದಯದ ಚಿತ್ರ ಹಾಕಿದರು. ಚರ್ಚೆ ಮಾತ್ರ ಹಾಗೆಯೇ ಮುಂದುವರಿಯಿತು.

ಮೇ ತಿಂಗಳ ಭಾನುವಾರ ಅಪರೂಪದ್ದಾಗಿತ್ತು. ಎಲ್ಲರಿಗೂ ಪರಿಚಿತವಾದ ಅವರ ಒಂದು ನಿಧಾನಗತಿಯ ಹಾಡಿನಲ್ಲಿ, ಎರಡನೆಯ ಚರಣದ ನಂತರ ಆತ ಹೊರಗೆ ಹೆಜ್ಜೆಯಿಟ್ಟವನು ಬಹಳ ಹೊತ್ತು ಮರಳಲಿಲ್ಲ. ಕೌಂಟರಿನ ಬಳಿ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಹಿರಿಯರ ಕೈ ತೊಡೆಯ ಮೇಲೆ ಅರ್ಧದಲ್ಲೇ ನಿಂತಿತ್ತು. ಮುಗಿದಾಗ ಜನ ಎದ್ದು ನಿಂತರು.

ಆ ಸಂಜೆ ಗುಂಪಿಗೆ ಯಾರೋ ಒಂದು ಫೋಟೋ ಹಾಕಿದರು. ಕಣ್ಣು ಮುಚ್ಚಿ ನುಡಿಸುತ್ತಿರುವ ಆತ. ಹಿಂದೆ ಆಂಪ್ಲಿಫೈಯರ್ ಮೇಲೆ, ನೊರೆ ಕಟ್ಟಿದ ಕಪ್ಪು ಬಿಯರಿನ ಗ್ಲಾಸು. ಕೆಳಗೆ ಮಾತಿನ ಸುರಿಮಳೆ. ಅಣ್ಣ ವಾಪಸ್ ಬಂದ. ಕೊನೆಗೂ. ಈಗ ಗೊತ್ತಾಯ್ತು ಬಿಡಿ, ಇವತ್ತು ಅದ್ಯಾಕೆ ಹಂಗಿತ್ತು ಅಂತ.

ಆ ಗ್ಲಾಸಿನಲ್ಲಿದ್ದದ್ದು ಮದ್ಯವಿಲ್ಲದ ಬಿಯರು. ಪಬ್ಬಿನವನು ಕೌಂಟರಿನ ಕೆಳಗೆ ಬಾಟಲಿ ತೆರೆದು, ಎಲ್ಲರಿಗೂ ಕೊಡುವಂಥ ಗ್ಲಾಸಿಗೇ ಬಗ್ಗಿಸಿ ಕೊಡುತ್ತಿದ್ದ. ಆಂಪ್ಲಿಫೈಯರ್ ಮೇಲೆ ಗ್ಲಾಸಿಲ್ಲದಿದ್ದರೆ ಅಭಿಮಾನಿಗಳು ನಿಜವಾದ ಪೈಂಟ್ ಕಳಿಸುತ್ತಾರೆ. ಪ್ರತಿಯೊಂದನ್ನೂ ಬೇಡವೆನ್ನಬೇಕು, ಏಕೆಂದು ಹೇಳಬೇಕು. "ಗ್ಲಾಸ್ ಇದ್ರೆ ಯಾರೂ ಏನೂ ಕೇಳಲ್ಲ, ಅಷ್ಟೇ," ಎಂದು ಆತ ನನಗೆ ಹಿಂದೊಮ್ಮೆ ಹೇಳಿದ್ದ. ಹೆಂಡತಿಗೆ ಈ ಏರ್ಪಾಟನ್ನು ಹೇಳಿರಲಿಲ್ಲ. ಆ ಬಣ್ಣ ನೋಡಿದರೇ ಅವಳ ಮುಖ ಬದಲಾಗುತ್ತದೆ ಎಂಬುದು ಆತನ ಅಂಜಿಕೆ.

ಆಕೆಯೂ ಆ ಗುಂಪಿನಲ್ಲಿದ್ದಳು; ಎಂದೂ ಏನನ್ನೂ ಬರೆಯುತ್ತಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು.

"ನೀನು ಅಲ್ಲೇ ಇದ್ದೆ ತಾನೇ. ಗ್ಲಾಸಲ್ಲಿ ಏನಿತ್ತು?"

"ಆಲ್ಕೋಹಾಲ್ ಇಲ್ದೇ ಇರೋದು ಕಣೇ. ಬಾಟಲ್ ತೆಗೆದಿದ್ದು ನಾನೇ ನೋಡಿದೀನಿ."

"ಮೊದಲನೇದು ನೋಡಿರ್ತೀಯ. ಆಮೇಲಿಂದು? ಗ್ಲಾಸ್ ಬಿಡು. ಅವರೆಲ್ಲ ವರ್ಷಗಟ್ಲೆ ಅವನನ್ನ ಕೇಳಿರೋರು. ಕುಡೀತಿದ್ದಾಗಿನ ಥರಾನೇ ನುಡಿಸಿದ ಅಂತ ಎಲ್ಲರೂ ಹೇಳ್ತಿದಾರೆ. ಎಲ್ಲರ ಕಿವೀನೂ ಸುಳ್ಳಾ?"

ಮದ್ಯ ಮುಟ್ಟದೆ ಆತ ನುಡಿಸಿದ ಅತ್ಯುತ್ತಮ ಸಂಗೀತವೇ ಆತನ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು. ಹೊಗಳಿದವರ್ಯಾರೂ ಕೇಡು ಬಯಸಿದವರಲ್ಲ. ಮೆಚ್ಚುಗೆಯಿಂದಲೇ ಈ ಅನ್ಯಾಯ ನಡೆದಿತ್ತು. ನಾನು ಗುಂಪಿಗೆ ಹಾಕಲೆಂದು ದೀರ್ಘವಾದ ಸ್ಪಷ್ಟನೆಯೊಂದನ್ನು ಬರೆದು ಮೊದಲು ಆತನಿಗೆ ಕಳಿಸಿದೆ. ಆತ ಕೂಡಲೇ ಫೋನ್ ಮಾಡಿದ.

"ಹಾಕ್ಬೇಡ. ಈ ಸಲ ಗ್ಲಾಸಲ್ಲಿ ಏನಿತ್ತು ಅಂತ ಹೇಳಿದ್ರೆ, ಮುಂದೆ ಪ್ರತಿ ಸಲಾನೂ ಹೇಳ್ತಾನೇ ಇರ್ಬೇಕಾಗುತ್ತೆ."

"ಅವಳು ಬರ್ದೇ ಹೋದ್ರೆ?"

"ಜೂನ್ ಪ್ರೋಗ್ರಾಮಿಗೆ ಬರ್ತೀನಿ ಅಂದಿದಾಳೆ. ಅವಳೇ ನೋಡ್ಲಿ."

ಜೂನ್ ತಿಂಗಳ ಭಾನುವಾರ ಆಕೆ ಮಗಳೊಡನೆ ಬಂದು ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಳು. ಆಂಪ್ಲಿಫೈಯರ್ ಮೇಲೆ ಗ್ಲಾಸಿರಲಿಲ್ಲ, ನೀರಿನ ಬಾಟಲಿಯಿತ್ತು. ಅದೇ ಹಾಡು ಬಂತು. ಎರಡನೆಯ ಚರಣ ಮುಗಿದು ಹೊಸ್ತಿಲು ದಾಟುವ ಜಾಗದಲ್ಲಿ ಬೇಸ್ ಗಿಟಾರಿನವನು ಒಂದೇ ಸ್ವರವನ್ನು ಹಿಡಿದು, ಬಾಗಿಲು ತೆರೆದು ನಿಂತವನಂತೆ ಆತನನ್ನೇ ನೋಡಿದ. ಆತ ತಲೆಯೆತ್ತಲಿಲ್ಲ. ನಾಲ್ಕಾರು ಸುರಕ್ಷಿತ ಸ್ವರಗಳನ್ನು ಜೋಡಿಸಿ, ಹಿಂತಿರುಗಿ, ಹಾಡು ಮುಗಿಸಿದ. ಮುಂದಿನ ಹಾಡೂ ಹಾಗೆಯೇ. ಅದರ ಮುಂದಿನದೂ.

ಪಕ್ಕದಲ್ಲಿದ್ದ ಹಿರಿಯರು ನಿಟ್ಟುಸಿರಿಟ್ಟರು. "ಪಾಪ. ಮತ್ತೆ ಕುಡಿಯೋದು ಬಿಟ್ಬಿಟ್ಟ ಅನ್ಸುತ್ತೆ."

ತಾನು ಕುಡಿದಿಲ್ಲವೆಂದು ಸಾಬೀತುಪಡಿಸಲು ಆತನಿಗೆ ಈ ಜನ ಉಳಿಸಿಕೊಟ್ಟಿದ್ದ ದಾರಿ ಇದೊಂದೇ: ಕೆಟ್ಟದಾಗಿ ನುಡಿಸುವುದು. ಆತ ಅದನ್ನು ಅಚ್ಚುಕಟ್ಟಾಗಿ ಮಾಡಿದ್ದ.

ಕಾರ್ಯಕ್ರಮ ಮುಗಿದಾಗ ಹೊರಗೆ ಇನ್ನೂ ಬಿಸಿಲಿತ್ತು. ಆತ ಮತ್ತು ಮಗಳು ಒಳಗೆ ಕೇಬಲ್ ಸುತ್ತುತ್ತಿದ್ದರು. ಗೆಳತಿ ಬಂದು ನನ್ನ ಕಾರಿನಲ್ಲಿ ಕುಳಿತಳು.

"ಚೆನ್ನಾಗಿರ್ಲಿಲ್ಲ, ಅಲ್ವಾ?"

"ಗ್ರ್ಯಾಂಡ್ ಆಗಿತ್ತು ಕಣೇ," ಎಂದೆ, ಇಲ್ಲಿನವರು ಏನನ್ನೂ ಹೇಳಲಾಗದಾಗ ಹೇಳುವಂತೆ.

"ನಂಗೆ ಸುಳ್ಳು ಹೇಳೋರು ಒಬ್ರು ಇದ್ದಿದ್ದೇ ಸಾಕಾಗಿದೆ. ಹೋದ ತಿಂಗಳಿಂದು ನಿನ್ ಫೋನಲ್ಲಿದ್ಯಾ? ಹಾಕು."

ಆಗಲೇ ನನಗೆ ತಿಳಿದದ್ದು: ಆ ಭಾನುವಾರದ ಬಗ್ಗೆ ಜನ ಬರೆದದ್ದನ್ನೆಲ್ಲ ಓದಿದ್ದಳು, ನುಡಿಸಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಲು ಹೆದರಿದ್ದಳಂತೆ. ಕಾರಿನ ಸ್ಪೀಕರಿನಲ್ಲಿ ಹಾಕಿದೆ. ಆಕೆ ನದಿಯ ಕಡೆ ಮುಖ ಮಾಡಿ ಕುಳಿತಳು. ಹೊಸ್ತಿಲು ದಾಟಿ ಬಹಳ ಹೊತ್ತಾದ ಮೇಲೆ ಒಂದೆಡೆ ಬೇಸಿನವನು ಇದ್ದಕ್ಕಿದ್ದಂತೆ ಬೇರೆ ದಿಕ್ಕಿಗೆ ತಿರುಗುತ್ತಾನೆ, ಗಿಟಾರು ಮೌನವಾಗುತ್ತದೆ, ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಬಂದು ಸೇರುತ್ತದೆ. "ಹಿಂದಕ್ಕೆ ತಗೋ," ಎಂದಳು. ಮತ್ತೆ ಕೇಳಿದಳು.

"ಇಲ್ಲಿ ತಾನು ನುಡಿಸೋದು ನಿಲ್ಸಿ, ಬೇಸಿನವನಿಗೆ ದಾರಿ ಬಿಟ್ಟಿದಾನೆ. ಕುಡಿದಾಗ ಇವನು ಯಾರಿಗೂ ಹಿಂಗೆ ಬಿಡ್ತಿರ್ಲಿಲ್ಲ. ಮನೇಲೂ ಅಷ್ಟೆ. ನಾನು ಮಾತು ಮುಗಿಸೋಕ್ ಮುಂಚೆ ಉತ್ರ ಕೊಟ್ಬಿಡೋನು."

"ಹಾಗಾದ್ರೆ ಇವತ್ತು ಅವನು..."

"ಇವತ್ತು ನಂಗೋಸ್ಕರ ನುಡಿಸ್ದ. ಗೊತ್ತಾಯ್ತು." ಕಣ್ಣೊರೆಸಿಕೊಂಡು ಕಾರಿನಿಂದಿಳಿದಳು.

ಜುಲೈ ತಿಂಗಳಲ್ಲಿ ಆಕೆ ಅತ್ಲೋನ್‌ಗೆ ಬಂದಳು. ಕತೆ ಇಲ್ಲಿಗೆ ನೆಟ್ಟಗಾಯಿತೆಂದು ಬರೆಯುವ ಆಸೆ ನನಗೂ ಇದೆ. ಆದರೆ ಆಕೆ ಪಬ್ಬಿನೊಳಗಿದ್ದರೆ ಸಾಕು, ಆತ ಇಂದಿಗೂ ಹ್ಯಾಂಡ್‌ರೈಲ್ ಹಿಡಿದೇ ಇಳಿಯುತ್ತಾನೆ. ಮತ್ತೆ ಮತ್ತೆ ಬಂದು ನೋಡಿ ಆಕೆ ಬರುವುದನ್ನೇ ನಿಲ್ಲಿಸಿದಳು. ಈಗ ಕಾರ್ಯಕ್ರಮದ ದಿನ ಮನೆಯಲ್ಲಿರುತ್ತಾಳೆ. ಸಂಜೆ ನನಗೊಂದು ಸಂದೇಶ ಬರುತ್ತದೆ: "ಕಳ್ಸು. ಏನೂ ಕಟ್ ಮಾಡ್ಬೇಡ."

ಮೊದಲು ನಾನು ಹಾಡುಗಳ ನಡುವಿನ ಮಾತು, ಗ್ಲಾಸುಗಳ ಸದ್ದು, ಕುರ್ಚಿ ಎಳೆಯುವ ಸದ್ದನ್ನೆಲ್ಲ ತೆಗೆದು ಕಳಿಸುತ್ತಿದ್ದೆ. ಈಗ ಎಲ್ಲವೂ ಹಾಗೆಯೇ ಹೋಗುತ್ತದೆ. ಆಕೆ ಕೇಳುವುದು ಗಂಡನ ಸಂಗೀತವನ್ನೋ, ಮಾತಿನಲ್ಲಿ ತೊದಲಿದೆಯೇ ಎಂಬುದನ್ನೋ, ನಾನು ಕೇಳಿಲ್ಲ. ಗಂಡಸಿನ ಕುಡಿತಕ್ಕೆ ಹೆಂಡತಿಯನ್ನು ಪಹರೆಗೆ ನಿಲ್ಲಿಸುವುದು ಅನ್ಯಾಯ. ಹಂಚಿ ಕೇಳಲೆಂದು ಆತ ಒಪ್ಪಿಕೊಟ್ಟ ರೆಕಾರ್ಡಿಂಗು ಆತನಿಗೇ ತಿಳಿಯದೆ ತಪಾಸಣೆಗೆ ಹೋಗುವುದೂ ಅನ್ಯಾಯ. ಎರಡರ ನಡುವೆ ಇರುವುದು ನನ್ನ ರೆಕಾರ್ಡರು.

ಹೋದ ಭಾನುವಾರ ನಾನು ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದಾಗ ಆತ ತಂತಿಗಳನ್ನು ಶ್ರುತಿ ಮಾಡುತ್ತ, ತಲೆಯೆತ್ತದೆ ಕೇಳಿದ: "ಅವಳು ಇದನ್ನ ಕೇಳ್ತಾಳಾ?"

"ಕೇಳ್ತಾಳೆ."

"ಪೂರ್ತಿ?"

"ಪೂರ್ತಿ. ಏನೂ ಕಟ್ ಮಾಡ್ಬೇಡ ಅಂದಿದಾಳೆ."

ಆತ ತಲೆಯಾಡಿಸಿದ. ಶ್ರುತಿಯಲ್ಲೇ ಇದ್ದ ತಂತಿಯನ್ನು ಮತ್ತೆ ಶ್ರುತಿ ಮಾಡಿದ. ಕಪ್ಪು ಗ್ಲಾಸು ಆಂಪ್ಲಿಫೈಯರ್ ಮೇಲೆ ತನ್ನ ಜಾಗದಲ್ಲಿತ್ತು. ಆ ನಿಧಾನಗತಿಯ ಹಾಡು ಬಂತು; ಎರಡನೆಯ ಚರಣ ಮುಗಿಯಿತು; ಬೇಸಿನವನು ಸ್ವರ ಹಿಡಿದು ನಿಂತ. ಗಿಟಾರಿನಿಂದ ಏನೂ ಬರಲಿಲ್ಲ. ಎಷ್ಟು ಹೊತ್ತೆಂದರೆ, ಹಾಡು ಮುಗಿಯಿತೆಂದುಕೊಂಡು ಹಿಂದಿನ ಮೇಜಿನವರು ಚಪ್ಪಾಳೆ ತಟ್ಟಿದರು. ಇವತ್ತೂ ಇಷ್ಟೇ ಎಂದು ಹಿರಿಯರು ಗೊಣಗಿದರು. ಚಪ್ಪಾಳೆ ಅಡಗಿದ ಮೇಲೆ ಆತ ಕಣ್ಣು ಮುಚ್ಚಿ ಹೊಸ್ತಿಲು ದಾಟಿದ.

ಆ ಮೌನವನ್ನೂ ಚಪ್ಪಾಳೆಯನ್ನೂ ತೆಗೆಯದೆ ಆಕೆಗೆ ಕಳಿಸಿದ್ದೇನೆ. ಕೇಳಿದ್ದಾಳೆಂದು ಫೋನು ತೋರಿಸುತ್ತಿದೆ. ಉತ್ತರ ಇನ್ನೂ ಬಂದಿಲ್ಲ.