ಗೌಡರ ಅಡಿಗೆಮನೆಯ ಸುದ್ದಿ

೧೯೩೪ರಲ್ಲಿ ನಾನು ಧಾರವಾಡ ತಾಲೂಕಿನ ಒಂದು ಹಳ್ಳಿಯ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಹೋದೆ. ಮುಖ್ಯ ಶಿಕ್ಷಕಿ ಎಂದರೆ ದೊಡ್ಡ ಮಾತೇನಲ್ಲ. ಆ ಶಾಲೆಗೆ ಇದ್ದದ್ದೇ ಒಬ್ಬಳು ಶಿಕ್ಷಕಿ, ಗಂಟೆ ಬಾರಿಸುವವಳೂ ಕಸ ಹೊಡೆಯುವವಳೂ ಅವಳೇ. ಊರಿನ ಹೆಸರು ಹೇಳುವುದಿಲ್ಲ. ಈ ಸುದ್ದಿಯ ಮನೆತನದವರು ಈಗಲೂ ಎದುರಿಗೆ ಸಿಕ್ಕರೆ ನಿಂತು ಮಾತನಾಡಿಸುತ್ತಾರೆ. ಹೆಬ್ಬಳ್ಳಿಯ ದಾರಿ ಹಿಡಿದು, ನಡುವೆ ಹೊಲಗಳೊಳಗೆ ತಿರುಗಿದರೆ ಸಿಗುವ ಊರು ಎಂದರೆ ಸಾಕು.

ನಾನು ಧಾರವಾಡದ ಮಿಶನ್ ಕಂಪೌಂಡಿನಲ್ಲಿ ಬೆಳೆದವಳು. ಒಂಟಿ ಹೆಂಗಸು, ಅದರ ಮೇಲೆ ಕ್ರೈಸ್ತಳು. ಊರಲ್ಲಿ ಯಾರೂ ಬಾಡಿಗೆಗೆ ಜಾಗ ಕೊಡಲಿಲ್ಲ. ಕೊಟ್ಟವರು ಊರಗೌಡರು. ಅವರ ವಾಡೆಯ ಮೂಲೆಯ ಒಂದು ಕೋಣೆ. ಅದಕ್ಕೆ ಕಿಟಕಿ ಇರಲಿಲ್ಲ, ಬಾಗಿಲು ಅವರ ಅಂಗಳಕ್ಕೇ ತೆರೆಯುತ್ತಿತ್ತು. ಆ ಮನೆಯ ಅಡಿಗೆಮನೆಯ ಹೊಸ್ತಿಲನ್ನು ಮಾತ್ರ ನಾನು ದಾಟುವಂತಿರಲಿಲ್ಲ. ದಾಟಬೇಡಿ ಎಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗೌಡರ ತಾಯಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು. ಆಯಿ ಪ್ರತಿ ಸಂಜೆ ಒಂದು ತಂಬಿಗೆ ಮಜ್ಜಿಗೆ ನನ್ನ ಬಾಗಿಲಲ್ಲಿಟ್ಟು, "ಕುಡೀರಿ ಅಕ್ಕೋರ, ಒಣಾ ರೊಟ್ಟಿ ತಿಂದು ಒಣಗಿ ಹೋಗೀರಿ" ಎಂದು ಹೋಗುತ್ತಿದ್ದರು. ಆ ಕಡೆಯ ಊರುಗಳಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುವುದು ವಾಡಿಕೆ.

ಮೊದಮೊದಲು ಹುಡುಗಿಯರು ಬಾಯಿ ಬಿಡುತ್ತಿರಲಿಲ್ಲ. ಹೆಸರು ಕೇಳಿದರೂ ಸೆರಗು ಕಚ್ಚಿಕೊಂಡು ನಿಲ್ಲುತ್ತಿದ್ದರು. ಅದಕ್ಕೆ ನಾನೊಂದು ಪದ್ಧತಿ ಹಾಕಿದೆ. ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ, ಮಗ್ಗಿಗೆ ಮೊದಲು, ಪ್ರತಿಯೊಬ್ಬಳೂ ತನ್ನ ಮನೆಯ ಒಂದು ಸುದ್ದಿ ಹೇಳಬೇಕು. ಎಮ್ಮೆ ಈದದ್ದು, ಬೆಕ್ಕು ಹಾಲು ಕುಡಿದದ್ದು, ಅವ್ವ ಹೋಳಿಗೆ ಮಾಡಿ ಅಪ್ಪನಿಗೆ ಮಾತ್ರ ಬಡಿಸಿದ್ದು, ಎಲ್ಲವೂ ಬಂತು. ಒಬ್ಬಳು ತನ್ನ ದೊಡ್ಡವ್ವ ಸಣ್ಣವ್ವ ಜುಟ್ಟು ಹಿಡಿದು ಜಗಳಾಡಿದ್ದನ್ನು ಅಭಿನಯ ಮಾಡಿ ತೋರಿಸಿದಳು. ಅದು ಊರಿಗೆ ಹಬ್ಬಿ, ಆ ಇಬ್ಬರೂ ಒಂದಾಗಿ ಶಾಲೆಗೆ ಬಂದು ನನ್ನ ಜುಟ್ಟು ಹಿಡಿಯುವುದೊಂದು ಬಾಕಿ. ಅಂದಿನಿಂದ ಒಂದು ಕರಾರು ಮಾಡಿದೆ: ಸಾಲ್ಯಾಗ ಹೇಳಿದ್ದು ಸಾಲ್ಯಾಗ. ಮಕ್ಕಳು ಅದನ್ನು ದೇವರ ಆಣೆಯಂತೆ ಪಾಲಿಸಿದರು. ತಾಯಂದಿರಿಗೂ ನಂಬಿಕೆ ಬಂತು, ಹೊಸ ಹುಡುಗಿಯರು ಸೇರಿದರು. ಆ ಶಾಲೆ ನಿಂತದ್ದು ನನ್ನ ಪಾಠದಿಂದಲ್ಲ, ಆ ಕರಾರಿನಿಂದ.

ಮರುವರ್ಷ ಸಂಕ್ರಾಂತಿ ಮುಗಿದಾಗ ಗೌಡರ ಮನೆಯಲ್ಲಿ ಲಗ್ನದ ಗದ್ದಲ. ಲಗ್ನ ಗೌಡರ ತಂಗಿ ಗಂಗವ್ವನದು. ಮೊದಲು ಎರಡು ಸಂಬಂಧಗಳು ಗೊತ್ತಾಗಿ ತಪ್ಪಿದ್ದವು. ಆ ಕಾಲಕ್ಕೆ ಅವಳ ವಯಸ್ಸೂ ಮೀರಿತ್ತು. ಈಗ ನವಲಗುಂದದ ಕಡೆಯ ಒಂದು ಮನೆ ಒಪ್ಪಿತ್ತು. ಹಪ್ಪಳ, ಸಂಡಿಗೆ, ಶಾವಿಗೆಗಳಿಂದ ವಾಡೆಯ ಮಾಳಿಗೆ ತುಂಬಿತ್ತು. ಲಗ್ನಕ್ಕೆ ವಾರವಿದ್ದಾಗ ಒಂದು ಬೆಳಿಗ್ಗೆ ಗೌಡರ ಮಗಳು ಚೆನ್ನಿ ಸುದ್ದಿ ಹೇಳಲು ಎದ್ದು ನಿಂತಳು. ಏಳೆಂಟು ವರ್ಷದ ಚುರುಕು ಹುಡುಗಿ.

"ನಸಕಿನ್ಯಾಗ ನಮ್ಮ ಅಡಗಿ ಮನ್ಯಾಗ ಇಲಿ ಬಿತ್ತರಿ. ಗರಗರ ತಿರಗಿ ಸತ್ತ ಹೋತು. ಆಯಿ ಬಾಲಾ ಹಿಡದು ಒಲ್ಯಾಗ ಹಾಕಿದ್ಲು. ಯಾರಿಗೂ ಹೇಳಬ್ಯಾಡ ಅಂದಾಳ್ರಿ."

"ಮತ್ತ ಹೇಳಾಕತ್ತಿ?" ಎಂದಳು ಪಕ್ಕದ ಹುಡುಗಿ.

"ಇಲ್ಲಿ ಹೇಳಿದ್ದು ಎಲ್ಲಿಗೂ ಹೋಗೂದಿಲ್ಲಲ್ಲ," ಎಂದು ಚೆನ್ನಿ ಕುಳಿತಳು.

ಈಗಿನ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕು. ಆಗ ನಮ್ಮ ಕಡೆ ಪ್ಲೇಗು ಚಳಿಗಾಲದ ನೆಂಟನಂತೆ ಬಂದುಹೋಗುತ್ತಿತ್ತು. ಮೊದಲು ಇಲಿ ಬೀಳುತ್ತದೆ. ಇಲಿಯ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚುತ್ತದೆ, ಜ್ವರ ಏರಿ ಕಂಕುಳಲ್ಲೋ ತೊಡೆಸಂದಿಯಲ್ಲೋ ಗಂಟು ಏಳುತ್ತದೆ. ಗಂಟೆದ್ದವರಲ್ಲಿ ಉಳಿದವರು ಕಡಿಮೆ. ಹಾಗಾಗಿ ಇಲಿ ಬಿದ್ದ ತಕ್ಷಣ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದೇ ಇದ್ದ ಉಪಾಯ. ಇಲಿ ಬಿದ್ದ ವರದಿಯನ್ನು ಧಾರವಾಡಕ್ಕೆ ಕಳಿಸಬೇಕಾದವರು ಯಾರು? ಊರಗೌಡರು.

ನನ್ನ ಸ್ಥಿತಿ ಅತ್ತ ದರಿ ಇತ್ತ ಪುಲಿ. ಬಾಯಿ ಮುಚ್ಚಿಕೊಂಡರೆ ಹತ್ತು ಊರಿನ ಮಂದಿ ಆ ಮನೆಯಲ್ಲಿ ಉಂಡು, ಮಲಗಿ, ಬೇನೆಯನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಾರೆ. ಬಾಯಿ ಬಿಟ್ಟರೆ ಗಂಗವ್ವನ ಲಗ್ನ ನಿಲ್ಲುತ್ತದೆ. ನಾನು ಅಡಿಗೆಮನೆಗೆ ಕಾಲಿಡದವಳು. ನನಗೆ ಗೊತ್ತಾಗಿದೆ ಎಂದರೆ ಹೇಳಿದವಳು ಚೆನ್ನಿಯೇ ಎಂದು ಕುರುಡನಿಗೂ ತಿಳಿಯುತ್ತದೆ. ಜಾಗ ಕೊಟ್ಟವರ ಉಪ್ಪು ತಿಂದು, ಮಗುವಿಗೆ ಮಾತು ಕೊಟ್ಟು, ಎರಡಕ್ಕೂ ಎರಡು ಬಗೆಯಬೇಕಿತ್ತು. ಅಂದು ಇಡೀ ದಿನ ನಾನು ಏನು ಕಲಿಸಿದೆನೋ ದೇವರಿಗೇ ಗೊತ್ತು.

ಸಂಜೆ ಗೌಡರು ಕಟ್ಟೆಯ ಮೇಲೆ ಕೂತಿದ್ದಾಗ ಸುತ್ತುಬಳಸಿ ಮಾತು ತೆಗೆದೆ. ಹುಬ್ಬಳ್ಳಿ ಕಡೆ ಇಲಿ ಬೀಳುತ್ತಿವೆಯಂತೆ, ಲಗ್ನವನ್ನು ಸ್ವಲ್ಪ ಮುಂದೆ ಹಾಕಬಾರದೇ ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಎರಡು ಸಂಬಂಧ ತಪ್ಪ್ಯಾವ್ರಿ ಅಕ್ಕೋರ. ಇದೂ ತಪ್ಪಿತಂದ್ರ ನನ್ನ ತಂಗಿ ಈ ಮನ್ಯಾಗ ಮುದುಕಿ ಆಗತಾಳ. ಲಗ್ನ ಒಂದ ಆಗಿಹೋಗಲಿ. ಆಮ್ಯಾಲೆ ಊರ ಬಿಡೂಣು."

ಅವರಿಗೂ ಗೊತ್ತಿತ್ತು. ಕೆಟ್ಟ ಮನುಷ್ಯರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ಅವರು ನನ್ನಷ್ಟೇ ಸಿಕ್ಕಿಬಿದ್ದಿದ್ದರು.

ನನ್ನ ಕೈಯಲ್ಲಿ ಇದ್ದದ್ದು ಒಂದೇ ಅಧಿಕಾರ. ಪ್ಲೇಗಿನ ಸುಳಿವು ಸಿಕ್ಕರೆ ಶಾಲೆಯನ್ನು ಕಟ್ಟಡದಿಂದ ಬಯಲಿಗೆ ಸಾಗಿಸಲು ಮುಖ್ಯ ಶಿಕ್ಷಕರು ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಕರಿಹಲಗೆಯನ್ನು ತಲೆಯ ಮೇಲೆ ಹೊತ್ತು, ಹುಡುಗಿಯರನ್ನು ಹಿಂದೆ ಕರೆದುಕೊಂಡು, ಊರ ನಡುವಿನ ಓಣಿಯಲ್ಲೇ ನಡೆದು ಹೊಲದ ಹುಣಸೆ ಮರದ ಕೆಳಗೆ ಶಾಲೆ ಹೂಡಿದೆ. ಯಾರಿಗೂ ಒಂದು ಮಾತು ಹೇಳಲಿಲ್ಲ. ಮಧ್ಯಾಹ್ನದೊಳಗೆ ಊರ ತುಂಬ ಒಂದೇ ಮಾತು: "ಸಾಲಿ ಹೊರಬಿದ್ದೈತಿ." ಶಾಲೆ ಹೊರಬಿದ್ದರೆ ಇಲಿ ಬಿದ್ದಿವೆ ಎಂದೇ ಅರ್ಥ. ಯಾರ ಮನೆಯಲ್ಲಿ ಎಂದು ಹುಡುಗಿಯರನ್ನು ಗದರಿಸಿ, ಬೆಲ್ಲ ಕೊಟ್ಟು ಕೇಳಿದರು. ಒಬ್ಬಳೂ ಬಾಯಿ ಬಿಡಲಿಲ್ಲ. ಕೆಲವು ಮನೆಯವರು ಗಂಟುಮೂಟೆ ಕಟ್ಟಿದರು. ಹೆಚ್ಚಿನವರು ಗೌಡರ ವಾಡೆಯತ್ತ ನೋಡಿ, ಅವರೇ ಹಂದರ ಹಾಕುತ್ತಿರುವಾಗ ನಮಗೇನು ಎಂದು ಉಳಿದರು.

ಊರಿಗೆ ಗೊತ್ತಾಗದಿದ್ದರೂ ಗೌಡರ ಮನೆಯವರಿಗೆ ಗೊತ್ತಾಯಿತು. ಆ ಸಂಜೆ ಒಳಮನೆಯಲ್ಲಿ ಚೆನ್ನಿಗೆ ಬಿದ್ದ ಏಟು ನನ್ನ ಕೋಣೆಗೆ ಕೇಳಿಸಿತು. ಹೊಡೆದವಳು ತಾಯಿ, ಬಿಡಿಸಲು ಹೋದ ನನ್ನೆದುರು ಬಾಗಿಲು ಹಾಕಿದರು. ಮಜ್ಜಿಗೆ ಬರಲಿಲ್ಲ. ಅಂಗಳ ದಾಟುವಾಗ ಎಲ್ಲರೂ ಮುಖ ತಿರುಗಿಸುತ್ತಿದ್ದರು. ಬೇರೆ ಕೋಣೆ ಊರಲ್ಲಿ ಸಿಗುವಂತಿರಲಿಲ್ಲ, ಶಾಲೆ ಬಿಟ್ಟು ಧಾರವಾಡಕ್ಕೆ ಓಡುವಂತಿರಲಿಲ್ಲ. ಇಲಿ ಬಿದ್ದ ಮನೆಯಲ್ಲೇ, ನನ್ನನ್ನು ಬೇಡವೆಂದವರ ನಡುವೆಯೇ ಮಲಗಬೇಕಿತ್ತು. ಹುಬ್ಬಳ್ಳಿಯಲ್ಲಿ ಮೊದಲೇ ಇನಾಕ್ಯುಲೇಶನ್, ಅಂದರೆ ಪ್ಲೇಗಿನ ಚುಚ್ಚುಮದ್ದು, ಹಾಕಿಸಿಕೊಂಡಿದ್ದೆ. ಆದರೂ ಹಾಸಿಗೆ ಕೊಡವಿ ಕೊಡವಿ ಕೈ ಸೋಲುತ್ತಿತ್ತು.

ಚೆನ್ನಿ ಶಾಲೆಗೆ ಬರುವುದನ್ನು ಬಿಡಲಿಲ್ಲ. ಸುದ್ದಿಯ ಸರದಿ ಬಂದಾಗ ನೆಲ ನೋಡಿ, "ನಮ್ಮ ಮನ್ಯಾಗ ಏನೂ ಸುದ್ದಿ ಇಲ್ರಿ" ಎನ್ನುತ್ತಿದ್ದಳು. ಪೆಟ್ಟು ತಿಂದ ಮಗು, ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡೆ. ಸಿಟ್ಟಾಗುವ ಹಕ್ಕೂ ಅವಳಿಗಿತ್ತು.

ಲಗ್ನಕ್ಕೆ ಎರಡು ದಿನವಿದ್ದಾಗಲೂ ಅದೇ ಮಾತು ಹೇಳಿದಳು. ಹೇಳಿ, ಎಂದಿನಂತೆ ಗೆಳತಿಯ ಪಕ್ಕ ಕೂಡದೆ ಮರದ ಆಚೆ ಬದಿಗೆ ಹೋಗಿ ಒಬ್ಬಳೇ ಕುಳಿತಳು. ಗೆಳತಿ ಬರೆಯುವ ಪಾಟಿ ಹಿಡಿದು ಹತ್ತಿರ ಹೋದರೆ ಎರಡೂ ಕೈಯಿಂದ ದೂಡಿದಳು.

"ನನ್ನ ಮುಟ್ಟಬ್ಯಾಡ. ದೂರ ಕುಂಡ್ರು."

ಬೇನೆ ಅವಳ ಮನೆ ಹೊಕ್ಕಿದೆ ಎಂದು ಆಗ ಹೊಳೆಯಿತು. ಶಾಲೆಯನ್ನು ದೊಡ್ಡ ಹುಡುಗಿಯೊಬ್ಬಳಿಗೆ ಒಪ್ಪಿಸಿ ವಾಡೆಗೆ ಹೋದೆ. ಅಂಗಳದಲ್ಲಿ ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಯಾರನ್ನೂ ಕೇಳದೆ ಅಡಿಗೆಮನೆಯ ಹೊಸ್ತಿಲು ದಾಟಿದೆ. ಒಲೆಯ ಆಚೆ, ಕಾಳಿನ ಚೀಲಗಳ ಮರೆಯಲ್ಲಿ ಆಯಿ ಕಂಬಳಿ ಹೊದ್ದು ಮಲಗಿದ್ದರು. ಪಕ್ಕದಲ್ಲಿ ಮದುಮಗಳು ಗಂಗವ್ವ ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ಕಣ್ಣು ಅತ್ತು ಬಾತಿದ್ದವು.

"ನಿನ್ನೇನ ಗಂಟ ಎದ್ದೈತ್ರಿ," ಎಂದಳು. "ನಾ ಹೇಳಬೇಕಂದೆ. ಆಯಿ ಆಣಿ ಹಾಕ್ಯಾಳ."

ಆಯಿ ಕಣ್ಣು ತೆರೆದು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಒಳಗ ಬಂದೀರಿ," ಎಂದರು.

"ಬಂದೆ ಆಯಿ."

"ಚೆನ್ನಿ ಹೇಳಿದ್ಲೇನು?"

"ಇಲ್ಲ. ಆಕಿ ಒಂದ ಮಾತು ಹೇಳಲಿಲ್ಲ. ಗೆಳತೀನ ಹತ್ರ ಬಿಟ್ಟುಕೊಳ್ಳಲಿಲ್ಲ, ಅಷ್ಟ."

ಆಯಿ ಗೋಡೆಯ ಕಡೆ ಹೊರಳಿದರು. ಆಮೇಲೆ, "ಕೂಸಿಗೆ ಇದ್ದ ಬುದ್ಧಿ ನಮಗ ಇಲ್ಲದಂಗಾತು. ಗೌಡನ್ನ ಕರೀರಿ," ಎಂದರು. ಮಗ ಬಂದಾಗ ಅವರು ಹೇಳಿದ್ದು ಇಷ್ಟೇ: "ಹಂದರ ಬಿಚ್ಚಿಸು. ಮಂದಿನ್ನ ಕರದು ಸಾಯ್ಸಬ್ಯಾಡ."

ಗೌಡರು ಅಲ್ಲೇ ಕುಸಿದು ಕುಳಿತು ಅತ್ತರು. ಆಮೇಲೆ ಎದ್ದು, ತಾವೇ ಡಂಗುರದವನನ್ನು ಕರೆಸಿ, ನಮ್ಮ ಮನೆಯಲ್ಲಿ ಇಲಿ ಬಿದ್ದಿವೆ, ಊರು ಬಿಡಿ ಎಂದು ಸಾರಿಸಿದರು. ಬೀಗರ ಊರಿಗೆ ಆಳು ಓಡಿದ, ಧಾರವಾಡಕ್ಕೆ ವರದಿ ಹೋಯಿತು. ಸೂರ್ಯ ಮುಳುಗುವುದರೊಳಗೆ ಊರು ಬರಿದಾಯಿತು. ಗಂಗವ್ವ ಮಾತ್ರ ಆಯಿಯನ್ನು ಬಿಟ್ಟು ಏಳಲಿಲ್ಲ. ಅಂಗಳದಲ್ಲಿ ಹೊರಸು ಹಾಕಿಸಿ ಅವಳೂ ನಾನೂ ಸರದಿಯಲ್ಲಿ ಕಾದೆವು. ಲಗ್ನವಾಗಬೇಕಿದ್ದ ದಿನ ಬೆಳಿಗ್ಗೆ ಆಯಿ ತೀರಿಕೊಂಡರು.

ಆ ಬೇಸಿಗೆಯವರೆಗೆ ಗುಡಿಸಲುಗಳಲ್ಲಿದ್ದೆವು. ಊರಲ್ಲಿ ಬೇರೆ ಮೂರು ಮನೆಗಳಲ್ಲಿ ಸಾವಾಯಿತು. ಗೌಡರ ಮಾತು ಕಾದು ಉಳಿದಿದ್ದವರ ಮನೆಗಳವು. ಬೀಗರು ಅಪಶಕುನವೆಂದು ಸಂಬಂಧ ಮುರಿದರು. ಗೌಡರು ನನ್ನಿಂದ ಕೋಣೆ ಬಿಡಿಸಲಿಲ್ಲ, ನನಗೆ ಕೃತಜ್ಞತೆಯನ್ನೂ ಹೇಳಲಿಲ್ಲ. ನಾನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಚೆನ್ನಿ ಒಂದು ದಿನ ಎಲ್ಲರೂ ಹೋದ ಮೇಲೆ ಹುಣಸೆ ಮರದ ಕೆಳಗೆ ನಿಂತು ಕೇಳಿದಳು: "ನಾ ಇಲಿ ಸುದ್ದಿ ಹೇಳಿದ್ದಕ್ಕ ಆಯಿ ಸತ್ಲೇನ್ರಿ?"

ಅಲ್ಲವೆಂದೆ. ಚಿಗಟದ ವಿಷಯ ಬಿಡಿಸಿ ಹೇಳಿದೆ. ಎತ್ತಿಕೊಂಡು ನಾನೂ ಅತ್ತೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ದಿನಾ ಸುದ್ದಿಯ ಹೊತ್ತಿಗೆ ಅದೇ ಮಾತು, ಏನೂ ಇಲ್ರಿ.

ಟ್ರೇನಿಂಗ್ ಕಾಲೇಜಿನಲ್ಲಿ ಮಕ್ಕಳಿಂದ ಉತ್ತರ ಹೊರಡಿಸುವುದು ಹೇಗೆಂದು ಕಲಿಸಿದ್ದರು. ಉತ್ತರ ಬಾರದಾಗ ಏನು ಮಾಡಬೇಕೆಂದು ಆ ಊರು ಕಲಿಸಿತು. ನಿವೃತ್ತಳಾಗುವವರೆಗೆ, ಯಾವ ಶಾಲೆಯಲ್ಲಿದ್ದರೂ, ಸುದ್ದಿ ಹೇಳಿದ ಮಗುವಿನ ಮನೆಗೆ ನಾನು ಹೋಗುತ್ತಿರಲಿಲ್ಲ. ಏನೂ ಸುದ್ದಿ ಇಲ್ಲವೆಂದ ಮಗುವಿನ ಮನೆಗೆ ಸಂಜೆ ಹೋಗಿಬರುತ್ತಿದ್ದೆ. ಹೆಚ್ಚಿನ ಸಲ ಅಲ್ಲಿ ನಿಜವಾಗಿಯೂ ಏನೂ ಇರುತ್ತಿರಲಿಲ್ಲ. ಚಹಾ ಕುಡಿದು, ಅಕ್ಕೋರಿಗೆ ಕೆಲಸವಿಲ್ಲ ಎಂದು ಅನ್ನಿಸಿಕೊಂಡು ಬರುತ್ತಿದ್ದೆ.

ಗಂಗವ್ವನಿಗೆ ಮುಂದಿನ ವರ್ಷ ಕುಂದಗೋಳದ ಕಡೆಯಿಂದ ಗಂಡು ಬಂತು. ಅದು ನನಗೆ ತಿಳಿದದ್ದು ಶಾಲೆಯಲ್ಲೇ. ಎಷ್ಟೋ ತಿಂಗಳ ಮೇಲೆ ಚೆನ್ನಿ ಸರದಿಯಲ್ಲಿ ಎದ್ದು ನಿಂತು, ಸುತ್ತ ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು:

"ಅಕ್ಕೋರ, ನಮ್ಮ ಅತ್ತೀಗೆ ಗಂಡ ಗೊತ್ತಾಗೈತ್ರಿ. ಇದನ್ನ ಹೇಳಿದ್ರ ಯಾರಿಗೂ ಏನೂ ಆಗೂದಿಲ್ಲಲ್ರಿ?"